ಮಂತ್ರಿಗಳು ಜಗದೇವಿಯನ್ನು ಕ್ಷಮಿಸಿದರು

ಸಾಲಹುಣಸಿ, ಭೀಮೆಯ ಹಳೆಯ ದಂಡೆ
ಫೆಬ್ರವರಿ ಮೂವತ್ತು, 2209

ನಮಗಿಂತ ಮೊದಲು ಈ ನೆಲದ ಮೇಲೆ ಉಂಡು, ಮಲಗಿ, ಎದ್ದವರಿಗೆ ಕಸ್ತೂರಿಬಾಯಿ ಮಾಡುವ ನಮಸ್ಕಾರ.

ಮೇಲಿನ ತಾರೀಖನ್ನು ನೋಡಿ ಈಕೆ ತಪ್ಪು ಬರೆದಿದ್ದಾಳೆ ಎಂದುಕೊಳ್ಳಬೇಡಿ. ನಿಮ್ಮ ಫೆಬ್ರವರಿಗೆ ಮೂವತ್ತನೆಯ ದಿನ ಇರಲಿಲ್ಲವೆಂದು ನನಗೆ ಗೊತ್ತು. ನಮ್ಮದಕ್ಕೆ ಇದೆ. ನಮ್ಮ ಅಜ್ಜನ ಕಾಲದಲ್ಲಿ ತಿಂಗಳುಗಳನ್ನೆಲ್ಲ ಸರಿಸಮ ಮಾಡಿದರು. ಆಳುವವರಿಗೆ ಸಮ ಮಾಡಲು ಸುಲಭವಾಗಿ ಸಿಕ್ಕಿದ್ದು ಅದೊಂದೇ. ನನ್ನ ಮಾತು ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸಿದರೆ ಮನ್ನಿಸಿ. ಈ ಓಲೆಯನ್ನು ನಿಮ್ಮ ಕಾಲದ ಅಚ್ಚಿನ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅದನ್ನು ನನಗೆ ಕಲಿಸಿದವನು ನನ್ನ ಗಂಡ ಅಂಬಾರಾಯ, ಊರಿನ ಶಾಲೆಯ ಮಾಸ್ತರ. ನೀವು ಕೇಳಿರದ ಪದ ಬಂದಲ್ಲಿ ಬಿಡಿಸಿ ಹೇಳುತ್ತೇನೆ. ಜನರ ಮಾತನ್ನು ಮಾತ್ರ ಅವರ ಬಾಯಿಂದ ಬಂದ ಹಾಗೆಯೇ ಇಟ್ಟಿದ್ದೇನೆ.

ಮನೆಯಲ್ಲಿ ಸಾವಾದರೆ ವರ್ಷ ತುಂಬುವುದರೊಳಗೆ ಹಿಂದಿನವರಿಗೆ ಒಂದು ಓಲೆ ಬರೆದು, ಹೊಳೆಯ ಒಣಪಾತ್ರದಲ್ಲಿ ಮರಳು ತೋಡಿ ಹೂಳುವುದು ನಮ್ಮ ಕಡೆಯ ರೂಢಿ. ಇದಕ್ಕೆ ಹಿಂದೋಲೆ ಎನ್ನುತ್ತೇವೆ. ಬದುಕಿರುವವರ ಹತ್ತಿರ ಹೇಳಿಕೊಂಡರೆ ಕಾಯ್ದೆ ಅಡ್ಡ ಬರುತ್ತದೆ. ಮುಂದಿನವರಿಗೆ ಬರೆದಿಟ್ಟರೆ ಅವರು ಓದಿ ಬಂದೂಕು ಹುಡುಕುತ್ತಾರೆ. ಹಿಂದಿನವರು ಏನೂ ಮಾಡಲಾರರು, ಅದಕ್ಕೇ ನಿಮಗೆ. ನಾನು ಬರೆಯುತ್ತಿರುವುದು ನನ್ನ ಅತ್ತೆ ಜಗದೇವಿ ಸತ್ತದ್ದಕ್ಕೆ. ಆದರೆ ಅವಳ ಸಾವು ಶುರುವಾದದ್ದು ಬಹಳ ಹಿಂದೆ, ನಮ್ಮೂರಿಗೆ ಟ್ಯಾಂಕರು ಬಂದ ಬೆಳಿಗ್ಗೆ.

ನಿಮ್ಮ ಮೊಮ್ಮಕ್ಕಳ ಕಾಲದಲ್ಲಿ ಭೀಮೆಯನ್ನು ತಿರುಗಿಸಿದರು. ಮೂಡಣದ ಪಟ್ಟಣಗಳಿಗೆ ನೀರು ಬೇಕಾಗಿತ್ತು. ಹೊಳೆ ಬಿಟ್ಟುಹೋದ ದಾರಿಯುದ್ದಕ್ಕೂ ಇದ್ದ ಊರುಗಳು ಆಗ ಎರಡು ಪಾಲಾದವು. ಹೊಸ ಕಾಲುವೆಗೆ ಹತ್ತಿರವಿದ್ದ ನಮ್ಮಂಥ ಪೇಟೆಗಳಿಗೆ ಪಾಳಿ ಸಿಕ್ಕಿತು. ಪಾಳಿ ಎಂದರೆ ಮನೆಗಿಷ್ಟು ಎಂದು ನಲ್ಲಿಯಲ್ಲಿ ಬಿಡುವ ನೀರಿನ ಸರದಿ. ದೂರದ ಹಳ್ಳಿಗಳಿಗೆ ಜಾಗ ಖಾಲಿ ಮಾಡಿ ಎಂದರು. ಕೆಲವರು ಹೋದರು, ಕೆಲವರು ಅಲ್ಲೇ ಸತ್ತರು, ಉಳಿದವರ ಮಕ್ಕಳು ಒಣದಂಡೆ ಪಡೆ ಕಟ್ಟಿಕೊಂಡು ಕುರುಚಲು ಗುಡ್ಡಗಳನ್ನು ಸೇರಿದರು. ಅವರಿಗೆ ಆದದ್ದು ಅನ್ಯಾಯ. ಇದನ್ನು ಹೇಳದಿದ್ದರೆ ಒಂದು ಕಡೆಯವರು ನನ್ನ ಮಾತು ಕೇಳುವುದಿಲ್ಲ, ಹೇಳಿದರೆ ಇನ್ನೊಂದು ಕಡೆಯವರು ಕೇಳುವುದಿಲ್ಲ, ಆದರೂ ಹೇಳಿಬಿಡುತ್ತೇನೆ. ಮೊದಮೊದಲು ಅವರು ಕಾಲುವೆಯ ತೂಬು ಒಡೆಯುತ್ತಿದ್ದರು, ನೀರಿನ ಮಂಡಳಿಯ ಕಚೇರಿಗಳನ್ನು ಸುಡುತ್ತಿದ್ದರು. ಮಂಡಳಿ ಎಂದರೆ ನಮ್ಮ ಸರಕಾರ. ನೀರು ಯಾರ ಕೈಯಲ್ಲಿದೆಯೋ ಅವರೇ ಸರಕಾರ. ತೂಬಿಗೆ ಕಾವಲು ಬಿಗಿಯಾದ ಮೇಲೆ ಪಡೆಯವರು ಪೇಟೆಗಳ ಕಡೆ ತಿರುಗಿದರು. ಅವರ ಹಾಡಿನಲ್ಲಿ ನಮಗೊಂದು ಹೆಸರು ಬಂತು: ನೀರುಂಡವರು. ಹೊಲಿಗೆಯವಳೂ ನೀರುಂಡವಳೇ, ತೊಟ್ಟಿಲಿನ ಕೂಸೂ ನೀರುಂಡದ್ದೇ.

ನಮ್ಮದು ರೊಟ್ಟಿ ಖಾನಾವಳಿ. ಬಿಸಿಲು ಏರಿದ ಮೇಲೆ ನಮ್ಮಲ್ಲಿ ಯಾರೂ ಹೊರಗೆ ನಿಲ್ಲಲಾರರು. ಹೊತ್ತು ನೆತ್ತಿಗೆ ಬರುವ ಮೊದಲೇ ಊರಿನ ಭೋಂಗಾ ಕೂಗುತ್ತದೆ, ಅಂಗಡಿಗಳು ಮುಚ್ಚುತ್ತವೆ, ಜನ ನೆಲಮನೆಗಳಿಗೆ ಇಳಿದು ಸಂಜೆಯವರೆಗೆ ಮಲಗುತ್ತಾರೆ. ಹಾಗಾಗಿ ಊರಿನ ದೊಡ್ಡ ಊಟ ಬೆಳಿಗ್ಗೆಯದು. ಅತ್ತೆಯೂ ನಾನೂ ಕತ್ತಲಿರುವಾಗಲೇ ಎದ್ದು ಹಿಟ್ಟು ನಾದಿ ರೊಟ್ಟಿ ಬಡಿಯಲು ಕೂರುತ್ತಿದ್ದೆವು. ಜೋಳ ಈಗ ನಿಮ್ಮ ಕಾಲದ್ದಲ್ಲ, ಉಪ್ಪುನೆಲದಲ್ಲಿ ಬೆಳೆಯುವ ಕಂದು ಜಾತಿಯದು; ರೊಟ್ಟಿ ಬೇಗ ಹರಿಯುತ್ತದೆ. ಅತ್ತೆಯ ಕೈಯಲ್ಲಿ ಹರಿಯುತ್ತಿರಲಿಲ್ಲ. ಪುಂಡಿಪಲ್ಯ, ಶೇಂಗಾಹಿಂಡಿ, ಸಿಕ್ಕ ದಿನ ಬದನೆಕಾಯಿ. ಒಂದು ಬೆಂಚಿನಲ್ಲಿ ಮಂಡಳಿಯ ಸಿಪಾಯಿಗಳು ಕೂರುತ್ತಿದ್ದರು. ಇನ್ನೊಂದರಲ್ಲಿ ಒಣಹಳ್ಳಿಗಳಿಂದ ಸಂತೆಗೆ ಬಂದ ಬಡಕಲು ಜನ. ಅವರಲ್ಲಿ ಯಾರು ಪಡೆಯವರು, ಯಾರು ಬರೀ ಹಸಿದವರು ಎಂದು ತಿಳಿಯುತ್ತಿರಲಿಲ್ಲ. ಅತ್ತೆ ಎಲ್ಲರಿಗೂ ಕೇಳುತ್ತಿದ್ದದ್ದು ಒಂದೇ: "ಎಷ್ಟ್ ರೊಟ್ಟಿ?"

ಆ ವರ್ಷ ಮಂಡಳಿಯ ದಳವೊಂದು ಬಂದು ನಮ್ಮ ಶಾಲೆಯಲ್ಲಿ ಠಾಣೆ ಹಾಕಿತು. ಮಕ್ಕಳನ್ನು ಹೊರಗೆ ಕಳಿಸಿದರು. ಅಂಬಾರಾಯ ದಳದ ಅಧಿಕಾರಿಯ ಹತ್ತಿರ ಹೋಗಿ ಹೇಳಿದ, "ಸಾಹೇಬ್ರ, ನೀವು ಸಾಲ್ಯಾಗ ಕುಂತ್ರ ಅವರ ಗುಂಡು ಸಾಲಿಗೇ ಬರ್ತಾವ್ರೀ." ಅಧಿಕಾರಿ ನಕ್ಕು, "ಅದಕ್ಕೇ ಇಲ್ಲಿ ಕೂತಿರೋದು ಮಾಸ್ತರೇ. ಶಾಲೆ ಮೇಲೆ ಗುಂಡು ಹಾರಿಸಿದರೆ ಅವರ ಮರ್ಯಾದೆ ಹೋಗುತ್ತೆ" ಎಂದನಂತೆ. ಅಂಬಾರಾಯ ತಿರುಗಿ ಬಂದು ಖಾನಾವಳಿಯ ಹಿಂದಿನ ಪಡಸಾಲೆ ಗುಡಿಸಿ ಮಕ್ಕಳನ್ನು ಅಲ್ಲಿ ಕೂರಿಸಿದ. ಅಂದಿನಿಂದ ನಾವು ರೊಟ್ಟಿ ಬಡಿಯುವ ಸಪ್ಪಳಕ್ಕೆ ಅವು ಮಗ್ಗಿ ಹೇಳುತ್ತಿದ್ದವು.

ಸುತ್ತಲಿನ ಊರುಗಳ ಸುದ್ದಿ ಒಂದೊಂದಾಗಿ ಬರತೊಡಗಿತು. ಬಸರಿಗಿಡದಲ್ಲಿ ಪಡೆಯವರು ಬಸ್ಸು ಸುಟ್ಟರು, ಜನ ಒಳಗಿದ್ದರು. ಕೆಂಗಾನೂರಿನಲ್ಲಿ ದವಾಖಾನೆಗೆ ನುಗ್ಗಿ ಹಾಸಿಗೆಯಲ್ಲಿದ್ದವರನ್ನೂ ಬಿಡಲಿಲ್ಲ. ನಮ್ಮೂರಿನ ಅರ್ಧ ಜನ ಗಂಟುಮೂಟೆ ಕಟ್ಟಿದರು. ಆಗ ಮಂಡಳಿ ಡಂಗುರ ಸಾರಿತು: ಊರು ಬಿಟ್ಟವರ ಪಾಳಿ ರದ್ದು, ತಿರುಗಿ ಸಿಗುವುದಿಲ್ಲ. ಪೇಟೆಗಳು ಖಾಲಿಯಾದರೆ ತಾವು ಸೋತ ಹಾಗೆ ಕಾಣುತ್ತದೆ ಎಂಬುದು ಅವರ ಚಿಂತೆ. ಪಕ್ಕದ ಹೊಲಿಗೆ ಅಂಗಡಿಯ ಖಾಜಾಬಿ, ಅತ್ತೆಯ ಬಾಲ್ಯದ ಗೆಳತಿ, ನಮ್ಮ ಕಟ್ಟೆಯ ಮೇಲೆ ಬಂದು ಕುಸಿದು ಕೂತಳು. "ಜಗದೇವಕ್ಕಾ, ಇಲ್ಲೇ ನಿಂತ್ರ ಅವರು ಸಾಯಸ್ತಾರ. ಹೋದ್ರ ನೀರಡಿಕಿ ಸಾಯಸ್ತದ. ನಾ ಏನ್ ಮಾಡ್ಲೆ?"

"ಮದ್ಲ ಊಟ ಮಾಡು," ಎಂದಳು ಅತ್ತೆ. "ಆಮ್ಯಾಲ ಇಬ್ಬರೂ ಕೂಡಿ ಹೆದರೂಣು."

ಆ ಬೇಸಿಗೆಯಲ್ಲಿ ಕಾಲುವೆ ದುರಸ್ತಿಯೆಂದು ನೀರು ನಿಲ್ಲಿಸಿದರು. ನಲ್ಲಿಗಳು ಒಣಗಿದವು. ಟ್ಯಾಂಕರಿನಲ್ಲಿ ನೀರು ಕಳಿಸುತ್ತೇವೆಂದು ಮಂಡಳಿ ದಿನವೂ ಹೇಳುತ್ತಿತ್ತು, ಜನ ದಿನವೂ ಕೊಡ ಹಿಡಿದು ರಸ್ತೆ ನೋಡುತ್ತಿದ್ದರು. ಕಡೆಗೊಂದು ಬೆಳಿಗ್ಗೆ, ಹೊತ್ತು ಮೂಡಿ ಸ್ವಲ್ಪ ಹೊತ್ತಿಗೆ, ಮಂಡಳಿಯ ನೀಲಿ ಬಣ್ಣದ ಟ್ಯಾಂಕರುಗಳು ಸಾಲಾಗಿ ಚೌಕಕ್ಕೆ ಬಂದು ನಿಂತವು. ಊರೇ ಓಡಿತು. ನಾನೂ ಎರಡು ಕೊಡ ಎತ್ತಿಕೊಂಡು ಹೊಸಿಲು ದಾಟಿದ್ದೆ. ಒಲೆಯ ಮುಂದಿನಿಂದ ಅತ್ತೆ ಕೂಗಿದಳು, "ಹಂಚಿನ ಮ್ಯಾಗ ರೊಟ್ಟಿ ಅದ ನೋಡು, ತಿರುವಿ ಹೋಗು!" ಖಾಜಾಬಿ ನನ್ನ ಕೈಯಿಂದ ಕೊಡ ಕಸಿದುಕೊಂಡು, "ನಾ ತುಂಬಸ್ತೀನಿ, ನೀ ನಡಿ" ಎಂದು ಓಡಿದಳು. ನಾನು ಒಳಗೆ ಬಂದು ರೊಟ್ಟಿ ತಿರುವಿದೆ. ಇಂದಿಗೂ ನಾನು ಬದುಕಿರುವುದು ಅಷ್ಟಕ್ಕೇ. ಇದರಲ್ಲಿ ದೇವರ ಕೈ ಇದೆ ಎನ್ನುವವರಿದ್ದಾರೆ. ಚೌಕದಲ್ಲಿ ಬಿದ್ದವರಿಗೆ ಆ ದೇವರು ಯಾಕೆ ರೊಟ್ಟಿ ತಿರುವಲು ಹೇಳಲಿಲ್ಲವೋ ಅವರನ್ನೇ ಕೇಳಬೇಕು.

ಒಂದು ಟ್ಯಾಂಕರಿನಲ್ಲಿ ನಿಜವಾಗಿಯೂ ನೀರಿತ್ತು. ಜನ ಅದಕ್ಕೆ ಮುಗಿಬೀಳಲಿ ಎಂದೇ ತುಂಬಿ ತಂದಿದ್ದರು. ಮಿಕ್ಕವುಗಳ ಹಿಂಬದಿ ಬಾಗಿಲು ತೆರೆದು ಪಡೆಯವರು ಇಳಿದರು. ನಾನು ಕಂಡದ್ದು ಕಡಿಮೆ, ಕೇಳಿದ್ದು ಹೆಚ್ಚು. ಮೊದಲು ಗುಂಡಿನ ಸದ್ದು ಬರಲಿಲ್ಲ. ತಾಮ್ರದ ಕೊಡಗಳು ಕಲ್ಲಿನ ಮೇಲೆ ಬೀಳುವ ಸದ್ದು ಬಂತು. ಜನ ಶಾಲೆಯ ಕಡೆ ಓಡಿದರು, ಅಲ್ಲಿ ಬಂದೂಕಿನ ಸಿಪಾಯಿಗಳಿದ್ದರಲ್ಲ. ಸಿಪಾಯಿಗಳು ಗೇಟಿಗೆ ಒಳಗಿನಿಂದ ಚಿಲಕ ಹಾಕಿಕೊಂಡರು. ಹೆಂಗಸರು ಗೇಟು ಬಡಿದದ್ದು ನಮ್ಮ ಒಲೆಯವರೆಗೆ ಕೇಳಿಸಿತು. ಗೇಟು ತೆಗೆಯಲಿಲ್ಲ.

ಪಡಸಾಲೆಯಲ್ಲಿ ಮಕ್ಕಳಿದ್ದರು. ಹಿತ್ತಲಲ್ಲಿ ನಮ್ಮದೊಂದು ಹಗೇವು ಇತ್ತು, ಹಿಂದೆ ಜೋಳ ತುಂಬುತ್ತಿದ್ದ ನೆಲದೊಳಗಿನ ಕಣಜ. ಬರಿದಾಗಿ, ಬಾಯಿ ತೆರೆದು ಗಾಳಿಯಾಡುತ್ತ ಬಿದ್ದಿತ್ತು. ಅಂಬಾರಾಯ ಒಂದೊಂದೇ ಮಗುವನ್ನು ತೋಳು ಹಿಡಿದು ಇಳಿಸಿದ. ಅತ್ತೆ ಹಾಸುಗಲ್ಲನ್ನು ಗಾಳಿಗೆ ಸಂದಿ ಬಿಟ್ಟು ಎಳೆದು ಮೇಲೊಂದು ಚೀಲ ಹರಡಿದಳು. ಆಗ ಅಂಬಾರಾಯ ಎಣಿಸಿ, "ಇಬ್ಬರು ಕಡಿಮಿ ಅದಾರ. ಅವ್ವಂದಿರ ಸಂಗಟ ನೀರಿಗಿ ಹೋಗ್ಯಾರ" ಎಂದ. ನಾನು ಅವನ ಅಂಗಿ ಹಿಡಿದುಕೊಂಡೆ. ಅವನು ನನ್ನ ಬೆರಳುಗಳನ್ನು ಬಿಡಿಸಿದ, ಬಹಳ ಮೆತ್ತಗೆ, ಮಕ್ಕಳ ಕೈಯಿಂದ ಬಳಪ ಬಿಡಿಸುವ ಹಾಗೆ. "ಬಂದೆ" ಎಂದು ಹೋದ.

ಅವನು ಹೋದ ಮೇಲೆ ಒಬ್ಬ ಒಳಗೆ ಬಂದ. ವಯಸ್ಸಾದವನೇ, ನಮ್ಮ ಅಪ್ಪನಷ್ಟು. ಬಂದೂಕು ಹೆಗಲಿಗಿತ್ತು. "ಯಾರದಾರ ಒಳಗ?"

"ನಾವಿಬ್ಬರು ಅದೀವಿ, ರೊಟ್ಟಿ ಅವ," ಎಂದಳು ಅತ್ತೆ. "ಎಷ್ಟ್ ಬೇಕು?"

ಅವನು ಅವಳ ಮುಖ ನೋಡಿದ. ರೊಟ್ಟಿಯ ಬುಟ್ಟಿಯನ್ನು ತನ್ನ ಟವೆಲಿಗೆ ಸುರಿದುಕೊಂಡು ಗಂಟು ಕಟ್ಟಿದ. ಒಂದನ್ನು ಮುರಿದು ಬಾಯಿಗಿಟ್ಟು, "ಚಲೋ ಅದಾವ ಎವ್ವಾ" ಎಂದ. ಆಮೇಲೆ ಒಲೆಯಿಂದ ಉರಿಯುವ ಕೊಳ್ಳಿ ಎಳೆದು, ಚಾವಣಿಯ ಸೋಗೆಗೆ ಹಿಡಿದು, ಅದು ಹತ್ತಿಕೊಳ್ಳುವ ತನಕ ನಿಂತು ಹೊರಟುಹೋದ. ಅತ್ತೆಯೂ ನಾನೂ ಹೊಗೆಯಲ್ಲಿ ತಡವರಿಸುತ್ತ ಹಿತ್ತಲಿಗೆ ಹೋಗಿ, ಚೀಲ ಒದ್ದೆ ಮಾಡಲು ನೀರಿಲ್ಲದೆ ಮಜ್ಜಿಗೆ ಸುರಿದು, ಹಗೇವಿನ ಬಾಯಿಗೆ ಅಡ್ಡಲಾಗಿ ಹಿಡಿದು ಕೂತೆವು. ಮಕ್ಕಳು ಉಳಿದರು. ಆ ಬೆಳಿಗ್ಗೆಯಲ್ಲಿ ಒಳ್ಳೆಯದೆಂದು ಹೇಳಬಹುದಾದದ್ದು ಇದೊಂದೇ. ಇದನ್ನು ನೆನೆದು ನಾನು ಸಮಾಧಾನ ಪಟ್ಟುಕೊಳ್ಳಬೇಕೆಂದು ಜನ ಹೇಳುತ್ತಾರೆ.

ಪಡೆಯವರು ಮಂಡಳಿಯ ಸಂಬಳ ತಿನ್ನುವ ಗಂಡಸರನ್ನು ಬೇರೆ ಮಾಡಿದರು. ತೂಬಿನವನು, ಅಂಚೆಯವನು, ಭೋಂಗಾ ಊದುವವನು, ಮಾಸ್ತರ. ಕೈ ಕಟ್ಟಿ ಟ್ಯಾಂಕರಿನ ಹೊಟ್ಟೆಯೊಳಗೆ ಹತ್ತಿಸಿಕೊಂಡು, ಪಡುವಣ ದಿಕ್ಕಿಗೆ ಹೋದರು. ಅಂಬಾರಾಯ ಹತ್ತುವಾಗ ಮಕ್ಕಳಿಬ್ಬರನ್ನೂ ತಾಯಂದಿರ ಕಡೆ ನೂಕಿದ್ದನ್ನು ಕಂಡವರಿದ್ದಾರೆ. ಅಷ್ಟೇ ಕಂಡದ್ದು.

ಖಾಜಾಬಿಯ ಕಾಲಿಗೆ ಗುಂಡು ತಗುಲಿತ್ತು, ಜೀವಕ್ಕೆ ಏನೂ ಆಗಿರಲಿಲ್ಲ. ನೀರಿದ್ದ ಟ್ಯಾಂಕರನ್ನು ಪಡೆಯವರು ಬಿಟ್ಟುಹೋಗಿದ್ದರು. ಗಾಯವಾದವರನ್ನೆಲ್ಲ ಅದರ ನೆರಳಿಗೆ ಎಳೆದು ತಂದು ಹೆಂಗಸರು ಗಾಯ ತೊಳೆಯುತ್ತಿದ್ದರು, ನೀರು ಕುಡಿಸುತ್ತಿದ್ದರು. ಅತ್ತೆ ಖಾಜಾಬಿಯ ಕಾಲಿಗೆ ಸೆರಗು ಹರಿದು ಕಟ್ಟಿ, ಇನ್ನಷ್ಟು ಬಟ್ಟೆ ತರಲು ಎದ್ದು ಬಂದಳು. ಆಗ ಹದ್ದು ಬಂತು. ಹದ್ದು ಎಂದರೆ ಆಳಿಲ್ಲದೆ ಹಾರಿ ಬಾಂಬು ಹಾಕುವ ಮಂಡಳಿಯ ಯಂತ್ರ. ದೂರದ ಊರಿನ ತಂಪು ಕೋಣೆಯಲ್ಲಿ ಕೂತವನೊಬ್ಬ ಅದರ ಕಣ್ಣಿಂದ ನೋಡುತ್ತಾನೆ. ಅವನ ಕಣ್ಣಿಗೆ ಪಡೆಯವರ ಟ್ಯಾಂಕರು ಕಂಡಿತು, ಸುತ್ತ ಜನ ಕಂಡರು. ಖಾಜಾಬಿಯನ್ನು ಕೊಂದವರು ನಮ್ಮನ್ನು ಕಾಯುವವರು.

ವಾರದೊಳಗೆ ಅಧಿಕಾರಿಗಳು ಬಂದರು. ಊರಿಗೆ ಧೀರಹುಣಸಿ ಎಂದು ಹೊಸ ಹೆಸರಿಟ್ಟರು. ಚೌಕದಲ್ಲಿ ಕರಿಕಲ್ಲು ನಿಲ್ಲಿಸಿ, ಒಣದಂಡೆ ದುಷ್ಟರಿಗೆ ಬಲಿಯಾದವರೆಂದು ಹೆಸರು ಕೆತ್ತಿದರು. ಖಾಜಾಬಿಯ ಹೆಸರೂ ಅದರಲ್ಲೇ ಇದೆ. ಶಾಲೆಯ ಗೇಟಿನ ಚಿಲಕ ಹಾಕಿಕೊಂಡ ದಳಕ್ಕೆ ಪದಕ ಕೊಟ್ಟರು. ಪಡೆಯವರ ಆಕಾಶವಾಣಿ, ಸತ್ತವರೆಲ್ಲ ಮಂಡಳಿಯ ಶಸ್ತ್ರಧಾರಿ ಏಜೆಂಟರು ಎಂದಿತು. ಕೊಡ ಹಿಡಿದವರು ಯಾವ ಶಸ್ತ್ರ ಧರಿಸಿದ್ದರೋ ಹೇಳಲಿಲ್ಲ.

ಖಾನಾವಳಿಗೆ ಮತ್ತೆ ಚಾವಣಿ ಹೊದಿಸಿದೆವು. ಅತ್ತೆ ವಾರದಲ್ಲಿ ಒಂದು ದಿನ ನನಗೆ ಒಲೆ ಒಪ್ಪಿಸಿ, ರೊಟ್ಟಿಯ ಗಂಟು ಹೊತ್ತು ಪಡುವಣ ಕಡೆ ಹೋಗುತ್ತಿದ್ದಳು. ಒಣಹಳ್ಳಿಗಳಲ್ಲಿ, ಠಾಣೆಗಳಲ್ಲಿ, ಕುರಿಗಾಹಿಗಳ ಹಟ್ಟಿಗಳಲ್ಲಿ ಕೇಳುತ್ತಿದ್ದಳು. ಟ್ಯಾಂಕರು ಈ ಕಡೆ ಬಂದಿತ್ತೇ? ಯಾರೂ ಕಂಡಿರಲಿಲ್ಲ. ಸಂಜೆ ಬಂದು ಕಾಲು ತೊಳೆಯುವಾಗ ಒಮ್ಮೆ ನಾನು, "ಅತ್ತಿ, ನೀವು ದಣೀತೀರಿ, ಸಾಕ್ ಮಾಡ್ರಿ" ಎಂದೆ. ಅವಳು ತಲೆಯೆತ್ತದೆ, "ನೀವು ಗೀವು ಬ್ಯಾಡವ್ವಾ ಇನ್ನ. ನೀ ಅನ್ನು. ಮನ್ಯಾಗ ನಂಗ ನೀ ಅನ್ನಾವ ಒಬ್ಬಾವ ಇದ್ದ" ಎಂದಳು. ಅಂದಿನಿಂದ ನಾನು ಅವಳನ್ನು ಏಕವಚನದಲ್ಲಿ ಕರೆದೆ.

ಹಲವು ವರ್ಷ ಕಳೆದು ಒಪ್ಪಂದವಾಯಿತು. ಒಣಹಳ್ಳಿಗಳಿಗೂ ಪಾಳಿ ಕೊಡುತ್ತೇವೆಂದು ಮಂಡಳಿ ಒಪ್ಪಿತು. ಮೊದಲೇ ಒಪ್ಪಿದ್ದರೆ ಏನಾಗುತ್ತಿತ್ತೆಂದು ಯಾರೂ ಕೇಳಲಿಲ್ಲ. ಪಡೆಯವರು ಬಂದೂಕು ಒಪ್ಪಿಸಿ ಕುರ್ಚಿ ಹಂಚಿಕೊಂಡರು. ಎರಡೂ ಕಡೆಯವರು ಕೂಡಿ ಮೊದಲು ಮಾಡಿದ ಕೆಲಸ ಮರೆವಿನ ಕಾಯ್ದೆ. ಯಾರು ಯಾರನ್ನು ಎಲ್ಲಿ ಏನು ಮಾಡಿದರು ಎಂದು ಬಹಿರಂಗವಾಗಿ ಕೇಳುವುದು ಶಾಂತಿಭಂಗ, ಕೇಳಿದವರಿಗೆ ಸೆರೆ. ಬೇರೆ ಯಾವುದರಲ್ಲೂ ಒಮ್ಮತಕ್ಕೆ ಬಾರದವರು ಇದಕ್ಕೆ ಒಂದೇ ಸಭೆಯಲ್ಲಿ ಕೈಯೆತ್ತಿದರು. ಪಡುವಣ ಪಡೆಗಳ ದಳಪತಿಯಾಗಿದ್ದ ಹುಲಿಗೆಪ್ಪ ನೀರಿನ ಮಂತ್ರಿಯಾದ.

ಹುಲಿಗೆಪ್ಪ ನಮ್ಮೂರಿಗೆ ಹೊಸ ತೂಬು ಉದ್ಘಾಟಿಸಲು ಬರುವವನಿದ್ದ. ಊಟ ನಮ್ಮ ಖಾನಾವಳಿಯದೇ ಆಗಬೇಕೆಂದು ಊರ ಹಿರಿಯರು ಬಂದು ನಿಂತಾಗ ನಾನು ಒಲೆಯಲ್ಲಿ ನೀರು ಸುರಿಯುತ್ತೇನೆಂದೆ. ಅತ್ತೆ ಮಾತ್ರ, "ಮಾಡ್ತೀನಂತ ಹೇಳ್ರಿ" ಎಂದಳು. ಅವರು ಹೋದ ಮೇಲೆ ನಾನು ಕೂಗಾಡಿದೆ. "ಯಾವ ಮಾರಿ ಹೊತ್ತು ಅವಂಗ ಬಡಸ್ತಿ ಅತ್ತಿ? ನಿನ್ನ ಮಗನ್ನ ಒಯ್ದಾವಂಗ?" ಅವಳು ಪುಂಡಿಸೊಪ್ಪು ಬಿಡಿಸುತ್ತಲೇ ಇದ್ದಳು. "ಒಯ್ದಾವಂಗೇ ಗೊತ್ತಿರ್ತದ, ಎಲ್ಲಿ ಇಟ್ಟೀನಿ ಅಂತ. ಬ್ಯಾರೆದವರಿಗಿ ಕೇಳಿ ಕೇಳಿ ಸಾಕಾಗ್ಯದ."

ಅವನು ಬಂದ. ಬೊಕ್ಕತಲೆ, ಮೊಣಕಾಲು ನೋವು, ಚಾಪೆಯ ಮೇಲೆ ಕೂರಲಾರದೆ ಕುರ್ಚಿ ಕೇಳಿದ. ಚೆನ್ನಾಗಿ ಉಂಡ. ಶೇಂಗಾಹಿಂಡಿ ಎರಡು ಸಲ ಹಾಕಿಸಿಕೊಂಡ. ಸುತ್ತ ಹಿರಿಯರು, ಅಧಿಕಾರಿಗಳು, ಸುದ್ದಿಯವರು. ಕೈ ತೊಳೆಯುವಾಗ ನೀರು ಹಾಕುತ್ತಿದ್ದ ಅತ್ತೆಗೆ, "ಭಾಳ ಚಲೋ ಉಂಡೆ ಎವ್ವಾ. ಈ ಊರಿಗಿ ಬರಬೇಕಂತ ಎಷ್ಟೋ ದಿನದಿಂದ ಅನ್ಕೊಂಡಿದ್ದೆ, ಈಗ ಕೂಡಿ ಬಂತು ನೋಡು" ಎಂದ.

"ಹಿಂದಕ್ಕೊಮ್ಮಿ ಬಂದೀರಲ್ರೀ," ಎಂದಳು ಅತ್ತೆ, ನೀರು ಹಾಕುತ್ತಲೇ. "ಟ್ಯಾಂಕರದಾಗ."

ಅವನು ಕೈ ತೊಳೆಯುವುದನ್ನು ನಿಲ್ಲಿಸಿದ. ಅತ್ತೆ ಚೆಂಬು ಕೆಳಗಿಟ್ಟಳು. "ನನ್ನ ಮಗ ಅಂಬಾರಾಯ. ಮಾಸ್ತರ ಇದ್ದ. ನೀವು ಒಯ್ದ್ರಿ. ಯಾಕಂತ ಕೇಳಂಗಿಲ್ರೀ ನಾ. ಕೊಂದೀರೇನಂತ ಕೇಳಂಗಿಲ್ಲ. ಎಲ್ಲಿ ಹಾಕೀರಿ, ಅದೊಂದು ಹೇಳ್ರಿ."

ಅವನು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು. ಹಣೆ ಗಂಟಿಕ್ಕಿ, ನಿಜವಾಗಿಯೂ ನೆನಪು ಮಾಡಿಕೊಳ್ಳುವವನ ಹಾಗೆ ಕಣ್ಣು ಮುಚ್ಚಿ, "ಟ್ಯಾಂಕರು... ಅದು ಕೆಂಗಾನೂರು ಅಲ್ಲೇನು?" ಎಂದು ತನ್ನ ಪಕ್ಕದವನನ್ನು ಕೇಳಿದ. ಪಕ್ಕದವನು ಗೊತ್ತಿಲ್ಲವೆಂದು ತಲೆಯಾಡಿಸಿದ. "ಭಾಳ ಊರು ಆದವು ಎವ್ವಾ," ಎಂದ ಹುಲಿಗೆಪ್ಪ. "ನನಗ ಖರೇನ ನೆನಪಿಲ್ಲ." ನಾನು ಬಾಗಿಲಲ್ಲಿ ನಿಂತು ಅವನ ಮುಖ ನೋಡುತ್ತಿದ್ದೆ. ಅವನು ಸುಳ್ಳು ಹೇಳುತ್ತಿರಲಿಲ್ಲ. ನಮ್ಮ ಬದುಕು ಎರಡಾಗಿ ಸೀಳಿದ ಆ ಬೆಳಿಗ್ಗೆ ಅವನ ತಲೆಯಲ್ಲಿ ಬೇರೆ ಊರಿನ ಬೆಳಿಗ್ಗೆಯೊಂದಿಗೆ ಕಲೆತುಹೋಗಿತ್ತು.

ಅಧಿಕಾರಿಗಳು ಅತ್ತೆಯನ್ನು ಅಲ್ಲೇ ಹಿಡಿದರು. ಮರುದಿನವೇ ಮಂತ್ರಿಗಳ ಪ್ರಕಟಣೆ ಬಂತು: ವೃದ್ಧೆಯ ನೋವು ತಮಗೆ ಅರ್ಥವಾಗುತ್ತದೆ, ಆಕೆಯ ಅಪರಾಧವನ್ನು ತಾವು ದೊಡ್ಡ ಮನಸ್ಸಿನಿಂದ ಕ್ಷಮಿಸಿದ್ದೇವೆ. ಸುದ್ದಿಯವರು ಅದನ್ನು ಕೊಂಡಾಡಿದರು. ಊರ ಹಿರಿಯರು ಖುಷಿಯಿಂದ ಅವಳನ್ನು ಕರೆತರಲು ಹೋದರೆ, ಅವಳು ಹೊರಗೆ ಬರಲಿಲ್ಲ. ನನ್ನನ್ನು ಕಂಡು ಸರಳುಗಳ ಆಚೆಯಿಂದ ಹೇಳಿದಳು, "ನಂಗ ಅಂವ ಮಾಫ್ ಮಾಡ್ಯಾನಂತ. ನನ್ನ ಮಗನ್ನ ಒಯ್ದಾಂವ, ನಂಗ! ನಾ ಒಲ್ಲೆ. ಕೋರ್ಟಿಗಿ ಒಯ್ಯಂತ ಹೇಳು."

ಮ್ಯಾಜಿಸ್ಟ್ರೇಟರು ಬುದ್ಧಿ ಹೇಳಿ ನೋಡಿದರು. ಮುದುಕಿ ಪಟ್ಟು ಬಿಡಲಿಲ್ಲ. ಕ್ಷಮೆ ಒಪ್ಪದ ಮೇಲೆ ವಿಚಾರಣೆ ನಡೆಸಲೇಬೇಕು. ವಿಚಾರಣೆಯಲ್ಲಿ ಆರೋಪಿ ಆಡಿದ ಅಪರಾಧದ ಮಾತನ್ನು ತೆರೆದ ಕೋರ್ಟಿನಲ್ಲಿ ಗಟ್ಟಿಯಾಗಿ ಓದಲೇಬೇಕು. ಅತ್ತೆಗೆ ಕೋರ್ಟಿನ ಈ ಕಾಯ್ದೆ ಗೊತ್ತಿರಲಿಲ್ಲ. ಅವಳಿಗೆ ಗೊತ್ತಿದ್ದದ್ದು ಇಷ್ಟೇ: ಮನೆಗೆ ಬಂದರೆ ತಾನು ಕೇಳಿದ್ದು ತಪ್ಪಾಗುತ್ತದೆ, ಶಿಕ್ಷೆಯಾದರೆ ಕೇಳಿದ್ದು ಉಳಿಯುತ್ತದೆ. ಗುಮಾಸ್ತ ಎದ್ದು ನಿಂತು, ತಗ್ಗಿದ ದನಿಯಲ್ಲಿ ಓದಿದ: "ನನ್ನ ಮಗ ಅಂಬಾರಾಯ. ಎಲ್ಲಿ ಹಾಕೀರಿ?" ಅತ್ತೆ ಕಟಕಟೆಯಿಂದ, "ಗಟ್ಟಿ ಓದೋ ತಮ್ಮಾ, ಹಿಂದಿನವರಿಗಿ ಕೇಳವಲ್ದು" ಎಂದಳು. ಕೋರ್ಟಿನಲ್ಲಿ ಕೂತಿದ್ದ ನಮ್ಮೂರಿನ ಹೆಂಗಸರು ಯಾರೂ ಹೇಳಿಕೊಡದೆ ಎದ್ದು ನಿಂತರು. ಒಬ್ಬೊಬ್ಬಳೂ ತನ್ನವನ ಹೆಸರು ಹೇಳಿ ಅದನ್ನೇ ಕೇಳಿದಳು. ಎಲ್ಲರನ್ನೂ ಹಿಡಿಯಲು ಅಷ್ಟು ಪೊಲೀಸರಿರಲಿಲ್ಲ. ಅತ್ತೆಗೆ ಮಾತ್ರ ಎರಡು ವರ್ಷ ಸೆರೆಯಾಯಿತು.

ಕೋರ್ಟಿನಲ್ಲಿ ಓದಿದ್ದನ್ನು ಅಚ್ಚು ಹಾಕಲು ಪತ್ರಿಕೆಗಳಿಗೆ ತಡೆಯಿರಲಿಲ್ಲ. ಅದನ್ನು ಓದಿದ ಒಬ್ಬ ಮನುಷ್ಯ, ಒಂದು ಬೆಳಿಗ್ಗೆ ಊಟದ ಹೊತ್ತು ಮುಗಿದ ಮೇಲೆ ಖಾನಾವಳಿಗೆ ಬಂದ. ತಟ್ಟೆ ಇಟ್ಟರೆ ಮುಟ್ಟಲಿಲ್ಲ. ತಾನು ಮಂಡಳಿಯ ಟ್ಯಾಂಕರಿನ ಡ್ರೈವರ್ ಯಲ್ಲಾಲಿಂಗ ಎಂದ. ಪಡೆಯವರು ದಾರಿಯಲ್ಲಿ ಅಡ್ಡಗಟ್ಟಿ, ಕುತ್ತಿಗೆಗೆ ಕೊಡಲಿಯಿಟ್ಟು ಅವನಿಂದಲೇ ಗಾಡಿ ಓಡಿಸಿದ್ದರು. "ನನಗ ಬಿಟ್ರು ಎಕ್ಕಾ. ನಾ ಬದುಕಿದ್ದು ಯಾರಿಗಿ ಹೇಳ್ಲಿ? ಮಂಡಳಿಯವರಿಗಿ ಹೇಳಿದ್ರ ಪಡೆಯವರ ಕಡಿಯಾಂವ ಅಂತಿದ್ರು, ಪಡೆಯವರಿಗಿ ತಿಳದ್ರ ಕಡೀತಿದ್ರು. ಆಮ್ಯಾಲ ಕಾಯ್ದಾ ಬಂತು." ನಾನು ಎಲ್ಲಿ ಎಂದು ಮಾತ್ರ ಕೇಳಿದೆ. ಕಲ್ಲುಗಣಿಯ ಹಿಂದೆ, ಹಾಳುಬಿದ್ದ ಹಳ್ಳಿಯೊಂದರ ಬತ್ತಿದ ಬಾವಿ. ಒಣದಂಡೆಯವರದ್ದೇ ಹಳ್ಳಿ, ನೀರಿಲ್ಲದೆ ಬಿಟ್ಟುಹೋದದ್ದು.

ಊರೆಲ್ಲ ಹೋಗಿ ತೋಡಿದೆವು. ಸಿಕ್ಕರು. ಯಾರು ಯಾರೆಂದು ಬೇರೆ ಮಾಡಲು ಬರುವಂತಿರಲಿಲ್ಲ. ಅತ್ತೆಯನ್ನು ಕಾವಲಿನೊಂದಿಗೆ ಕರೆತಂದರು. ಅವಳು ಬಾವಿಯ ದಂಡೆಯಲ್ಲಿ ಕೂತು, ಮೇಲೆ ಬಂದ ಎಲುಬುಗಳನ್ನೆಲ್ಲ ಒಂದೇ ಬಟ್ಟೆಯಲ್ಲಿ ಸುತ್ತಿಸಿದಳು. ಜಾತಿಯವರು, ಜಮಾತಿನವರು ಏನೋ ಹೇಳಲು ಬಂದರೆ, "ಟ್ಯಾಂಕರದಾಗ ಕೂಡೇ ಹೋಗ್ಯಾರ. ಬಾವ್ಯಾಗ ಕೂಡೇ ಇದ್ರು. ಈಗ ನೀವೇನು ಬ್ಯಾರೆ ಮಾಡ್ತೀರಿ?" ಎಂದಳು. ಅವಳು ಅಳಲಿಲ್ಲ. ನಾನೂ ಅಳಲಿಲ್ಲ. ಅತ್ತದ್ದು ಯಲ್ಲಾಲಿಂಗ.

ಸೆರೆಯ ಗಾಡಿ ಹತ್ತುವ ಮೊದಲು ಅವಳು ನನ್ನ ಕೈ ಹಿಡಿದುಕೊಂಡಳು. ಎಲ್ಲ ಮುಗಿಯಿತು ಎನ್ನುತ್ತಾಳೆಂದು ಭಾವಿಸಿದ್ದೆ. "ನನ್ನ ಮಗಂದು ಕೇಳಿದೆ," ಎಂದಳು. "ಖಾಜಾಬಿದು ಯಾರೂ ಕೇಳಿಲ್ಲ. ಹದ್ದು ಕಳಸ್ದಾಂವ ಇನ್ನಾ ಅದಾನ. ಅದು ನೀ ಕೇಳಬೇಕು." ಇದಾದ ಮೂರನೆಯ ತಿಂಗಳಲ್ಲಿ, ಚಳಿಗೆ ಎದೆ ಕಟ್ಟಿ, ಸೆರೆಮನೆಯಲ್ಲೇ ತೀರಿಕೊಂಡಳು.

ಈಗ ಹುಲಿಗೆಪ್ಪ ಇನ್ನೂ ಮಂತ್ರಿ. ಹೊಸ ತೂಬಿನ ನೀರು ಬರುತ್ತಿದೆ, ಕುಡಿಯುತ್ತೇವೆ. ನಾಳೆ ಧೀರದಿನ, ಚೌಕದಲ್ಲಿ ಸತ್ತವರ ಹೆಸರಿನಲ್ಲಿ ಸರಕಾರ ನಡೆಸುವ ದಿನ. ಅಂದು ಹದ್ದಿಗೆ ಆಜ್ಞೆ ಕೊಟ್ಟ ಅಧಿಕಾರಿ ಈಗ ನಿವೃತ್ತನಾಗಿದ್ದಾನೆ, ಕರಿಕಲ್ಲಿಗೆ ಹೂವು ಹಾಕಲು ಬರುತ್ತಾನೆ. ಅವನ ಪಕ್ಕದಲ್ಲಿ ನಿಲ್ಲಲು ಹುತಾತ್ಮ ಮಾಸ್ತರನ ಹೆಂಡತಿಯಾದ ನನ್ನನ್ನೇ ಆರಿಸಿದ್ದಾರೆ. ನಾನು ಒಪ್ಪಿಕೊಂಡಿದ್ದೇನೆ. ಒಲೆ ನೋಡಿಕೊಳ್ಳಲು, ಅಂದು ಹಗೇವಿನಲ್ಲಿದ್ದ ಮಕ್ಕಳಲ್ಲಿ ಇಬ್ಬರು, ಈಗ ಮಕ್ಕಳ ತಾಯಂದಿರಾದವರು, ಬರುತ್ತೇವೆಂದಿದ್ದಾರೆ.

ನಿಮ್ಮನ್ನು ಬೇಡುವುದು ಒಂದಿದೆ. ಹೊಳೆಯನ್ನು ತಿರುಗಿಸಬೇಡಿ ಎಂದು ನಾನು ಬೇಡುವುದಿಲ್ಲ, ನೀವು ಕೇಳುವುದಿಲ್ಲ. ಬಂದೂಕು ಹಿಡಿಯಬೇಡಿ ಎಂದೂ ಬೇಡುವುದಿಲ್ಲ. ನಿಮ್ಮ ಕಾಲದಲ್ಲೂ ಎಲ್ಲೋ ದೂರದ ಪೇಟೆಗಳಿಗೆ ನುಗ್ಗುತ್ತಾರೆ, ಸುಡುತ್ತಾರೆ, ಜನರನ್ನು ಒಯ್ಯುತ್ತಾರೆ. ನೀವು ಚಹಾ ಕುಡಿಯುತ್ತ ಎರಡು ಸಾಲು ಓದುತ್ತೀರಿ ಎಂದು ಅಂಬಾರಾಯ ತೋರಿಸಿದ ಹಳೆಯ ಪತ್ರಿಕೆಗಳಲ್ಲಿ ನೋಡಿದ್ದೇನೆ. ಓದಿ. ಆದರೆ ಆ ಊರಿನವರನ್ನು ಧೀರರು ಎನ್ನಬೇಡಿ. ಹಾಗೆಂದ ಮರುಗಳಿಗೆಯೇ ಅವರು ಕಲ್ಲಾಗುತ್ತಾರೆ, ಕಲ್ಲಿಗೆ ಯಾರೂ ಉತ್ತರ ಕೊಡಬೇಕಾಗಿಲ್ಲ. ಜಗದೇವಿ ಧೀರಳಾಗಿರಲಿಲ್ಲ. ಬಿರುಗಾಳಿಗೆ ಹೆದರುತ್ತಿದ್ದಳು, ಹಲ್ಲಿಗೆ ಹೆದರುತ್ತಿದ್ದಳು, ಮಂತ್ರಿಗೆ ನೀರು ಹಾಕುವಾಗಲೂ ಹೆದರಿದ್ದಳು. ಅವಳು ಒಂದು ಮಾತು ಕೇಳಿದಳು. ನಿಮ್ಮಲ್ಲಿ ಯಾರಾದರೂ ಹಾಗೆ ಕೇಳುತ್ತ ಬಂದರೆ, ಅವರಿಗೆ ಹಾರ ಹಾಕಬೇಡಿ. ಉತ್ತರ ಕೊಡಿ.